ಎರಡನೇ ಲೋಟ ಬಿಸಿನೀರು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೆ ಹಾಕುತ್ತ ಬಂದೆ. ಯಜಮಾನರು ಬದುಕಿದ್ದಾಗ, ಅವರ ಎದೆ ಇದನ್ನು ತಡೆಯಲಿಕ್ಕಿಲ್ಲ ಎಂದುಕೊಂಡೆ. ಅವರು ಹೋದ ಮೇಲೆ, ಅಕ್ಕೋರ ದುಃಖ ಆರಲಿ ಎಂದುಕೊಂಡೆ. ದುಃಖ ಆರಿತೋ ಇಲ್ಲವೋ, ಅವರು ಮನೆ ಮಾರಿ ತಂಗಿಯ ಊರಿಗೆ ಹೋದರು. ಆಮೇಲೆ ನನ್ನ ಹತ್ತಿರ ನೆಪ ಉಳಿಯಲಿಲ್ಲ. ಆದರೂ ಹೇಳಲಿಲ್ಲ. ಹೆದರಿಕೆ, ಬೇರೆ ಏನೂ ಅಲ್ಲ.

ನಾನು ಅಡುಗೆಯವ, ಸಿದ್ದಾಪುರ ತಾಲ್ಲೂಕಿನ ತ್ಯಾಗಲಿ ಕಡೆಯವ. ಮದುವೆ ಉಪನಯನಗಳ ಅಡುಗೆ ಮಾಡಿಕೊಂಡಿದ್ದ ನನ್ನನ್ನು ಶಿರಸಿಯ ಹತ್ತಿರ ಇಸಳೂರಿನ ಒಂದು ಹೊಸ ಮನೆಗೆ ಕರೆದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಆ ಮನೆಯ ಯಜಮಾನರಿಗೆ ಶಿರಸಿ ಪೇಟೆಯಲ್ಲಿ ಪ್ರಿಂಟಿಂಗ್ ಪ್ರೆಸ್ಸು ಇತ್ತು. ವಯಸ್ಸು ನನಗಿಂತ ಕಡಿಮೆ. ಅವರ ಹೃದಯ ಊದಿಕೊಂಡು, ಕೆಲಸ ಮಾಡದೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೇರೆಯವರ ಹೃದಯ ಜೋಡಿಸಿದ್ದರು. ಆಸ್ಪತ್ರೆಯ ಪಕ್ಕದಲ್ಲೇ ಕೆಲವು ತಿಂಗಳು ಇಟ್ಟುಕೊಂಡು ಆಮೇಲೆ ಮನೆಗೆ ಕಳಿಸಿದ್ದರು. ಹೆಂಡತಿ ಪ್ರೈಮರಿ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ರಜೆ ಎಲ್ಲ ಮುಗಿದಿತ್ತು. ಅದಕ್ಕಾಗಿ ಮನೆಯಲ್ಲಿ ಇಬ್ಬರನ್ನು ಇಟ್ಟುಕೊಂಡರು. ಅಡುಗೆಗೆ ನಾನು, ಔಷಧಿಗೆ ಒಬ್ಬ ನರ್ಸು.

ನರ್ಸು ಬನವಾಸಿ ಕಡೆಯ ಹುಡುಗಿ. ಶಿರಸಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದವಳು, ಆ ಕೆಲಸ ಬಿಟ್ಟು ಇಲ್ಲಿಗೆ ಬಂದಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದೆವು.

ಮೊದಲ ದಿನವೇ ಅವಳು ನನ್ನ ಅಡುಗೆಮನೆಗೆ ಬಂದು ನಿಂತಳು.

"ಭಟ್ರ, ಸಾಹೇಬ್ರ ಮೈ ಹೊಸ ಹೃದಯಾನ ತನ್ನದಲ್ಲ ಅಂತ ಹೊರಗ ಹಾಕಾಕ ನೋಡತೈತ್ರಿ. ಹಂಗ ಮಾಡಬಾರದು ಅಂತ ಮೈಯಾಗಿನ ಕಾವಲುಗಾರನ್ನ ಔಷಧ ಕೊಟ್ಟು ಮಲಗಿಸೀವಿ. ಕಾವಲುಗಾರ ಮಲಗಿದಾಗ ಕಳ್ಳರು ಬರ್ತಾರಲ್ರಿ? ಹಂಗ ರೋಗ. ಅದಕ್ಕ ಹಸೀದು ಏನೂ ಕೊಡೂಹಂಗಿಲ್ಲ."

ಹಸಿಯದು ಏನೂ ಇಲ್ಲ ಎಂದರೆ ತಂಬುಳಿ ಇಲ್ಲ, ಕೋಸಂಬರಿ ಇಲ್ಲ, ಭರಣಿಯ ಉಪ್ಪಿನಕಾಯಿ ಇಲ್ಲ. ನೀರು ಕೊತಕೊತ ಕುದಿಯಬೇಕು. ಪಾತ್ರೆಗಳನ್ನು ಕುದಿಸಬೇಕು. ಮೊಸರು ಅಂದಂದಿನದು. ರಕ್ತದ ಒತ್ತಡದ ಕಾರಣಕ್ಕೆ ಉಪ್ಪು ಚಿಟಿಕೆ ಮಾತ್ರ. ಇದೆಲ್ಲ ಒಪ್ಪಿದೆ. ಕೊನೆಗೆ ಅವಳು ಹೇಳಿದ್ದು ಮಾತ್ರ ನನಗೆ ನಾಟಿತು.

"ಹೊಸಾದು ಏನ ಮಾಡಿದ್ರೂ ಮೊದಲ ನನಗ ಹೇಳ್ರಿ. ಕೆಲವು ಹಣ್ಣು, ಕೆಲವು ಕಷಾಯ ಔಷಧದ ಜೋಡಿ ಜಗಳಾಡತಾವು."

ಸಾವಿರ ಎಲೆ ಹಾಕಿದ ಊಟಕ್ಕೆ ಅಡುಗೆ ಮಾಡಿದವ ನಾನು. ಯಾವ ಸಾರಿಗೆ ಏನು ಹಾಕಬೇಕು ಎಂದು ಮಗಳ ವಯಸ್ಸಿನವಳನ್ನು ಕೇಳಬೇಕಂತೆ. "ಆಗಲಿ ಸಿಸ್ಟರ್" ಎಂದೆ. 

ಅವಳ ಕೆಲಸ ಗಡಿಯಾರದಂತೆ. ಬೆಳಗಿನ ರೇಡಿಯೋ ವಾರ್ತೆಯ ಹೊತ್ತಿಗೆ ಒಂದು ಸಲ, ಸಂಜೆಯ ವಾರ್ತೆಯ ಹೊತ್ತಿಗೆ ಒಂದು ಸಲ ಮುಖ್ಯ ಮಾತ್ರೆ. ಅದು ದಪ್ಪ ಮೆತ್ತನೆಯ ಗುಳಿಗೆ. ಬಿಚ್ಚಿದರೆ ಕೋಣೆಯೆಲ್ಲ ಒಂಥರ ಮುಗ್ಗಲು ವಾಸನೆ. ತೂಕ, ಜ್ವರ, ಒತ್ತಡ ದಿನವೂ ನೋಡುತ್ತಿದ್ದಳು. ಆಗಾಗ ಬೆಳಗಿನ ಮಾತ್ರೆಗೆ ಮೊದಲು ರಕ್ತ ತೆಗೆದು, ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಶಿರಸಿ ಬಸ್ ಸ್ಟ್ಯಾಂಡಿಗೆ ಹೋಗಿ ಹುಬ್ಬಳ್ಳಿ ಬಸ್ಸಿಗೆ ಕೊಟ್ಟು ಬರುತ್ತಿದ್ದಳು. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಲ್ಲಿ ನೋಡುತ್ತಿದ್ದರು. ಹೆಚ್ಚಾದರೆ ಕಿಡ್ನಿಗೆ ಪೆಟ್ಟು, ಕಡಿಮೆಯಾದರೆ ಹೃದಯಕ್ಕೆ. ಎರಡರ ನಡುವೆ ಗದ್ದೆಯ ಹಾಳಿಯಂಥ ಸಣ್ಣ ಬದು; ಅದರ ಮೇಲೆ ಅವರನ್ನು ನಡೆಸಬೇಕಿತ್ತು.

ಮಳೆಗಾಲದಲ್ಲಿ ತೊಂದರೆ ಶುರುವಾಯಿತು. ಮೊದಲು ಬಾಯಲ್ಲಿ ಬಿಳಿ ಬೂಸ್ಟು. ಅದು ವಾಸಿಯಾಗುವಷ್ಟರಲ್ಲಿ ಜ್ವರ. ಶಿರಸಿಯಲ್ಲೇ ಆಸ್ಪತ್ರೆಗೆ ಸೇರಿಸಿ ಕೈಗೆ ಸೂಜಿ ಚುಚ್ಚಿ ಔಷಧ ಇಳಿಸಿದರು. ಮನೆಗೆ ಬಂದಾಗ ಮುಖ ಮಾತ್ರ ಔಷಧದಿಂದ ದುಂಡಗೆ, ಮೈ ಒಣಕಲು. ಊಟ ಸೇರುತ್ತಿರಲಿಲ್ಲ. ಬಾಯೆಲ್ಲ ತಾಮ್ರ ನೆಕ್ಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಬೆಂಗಳೂರಿನಿಂದ ಡಾಕ್ಟರು ಫೋನಿನಲ್ಲಿ, ತೂಕ ಹೀಗೇ ಇಳಿದರೆ ಇವರು ಮುಂದಿನ ಜ್ವರ ತಾಳುವುದಿಲ್ಲ, ಹೇಗಾದರೂ ಉಣಿಸಿ ಎಂದರು.

ಯಜಮಾನರು ತಮಾಷೆಯ ಮನುಷ್ಯ. ನಂಟಸ್ತಿಕೆ ಇಲ್ಲದಿದ್ದರೂ ಸಲುಗೆಯಿಂದ ನನ್ನನ್ನು ಭಾವ ಎಂದು ಕರೆದು, ಬಡಿಸಿದ್ದನ್ನು ನೋಡಿ ಹೇಳುತ್ತಿದ್ದರು:

"ಭಾವ, ಇದೆಂತ ಸಾರು? ತೀರ್ಥದ ಹಾಂಗೆ ಇದ್ದು. ಯಾರದ್ದೋ ಹೃದಯ ಇದು, ಕೋಳಿ ತಿಂದವಂದೇ ಆಗಿಕ್ಕು. ನಿನ್ನ ಸಪ್ಪೆ ಸಾರು ಕಂಡ್ರೆ ಅದು ಎದ್ದು ವಾಪಸ್ ಹೋಗ್ತು."

ನಗುತ್ತಿದ್ದೆ. ಆದರೆ ಅವರು ತಟ್ಟೆ ಅರ್ಧಕ್ಕೇ ಸರಿಸಿದಾಗ ನನ್ನ ನಗು ನಿಲ್ಲುತ್ತಿತ್ತು. ನಮ್ಮ ಕೆಲಸದಲ್ಲಿ ಎಲೆಯ ಮೇಲೆ ಉಳಿದ ಅನ್ನ ಬೈಗುಳಕ್ಕಿಂತ ಕೆಟ್ಟದ್ದು. ಪಂಕ್ತಿಯಲ್ಲಿ ಯಾರಾದರೂ "ಸಾಕು" ಎಂದು ಕೈ ಅಡ್ಡ ಹಿಡಿದರೂ ಇನ್ನೊಂದು ಸೌಟು ಹಾಕಿಯೇ ಮುಂದೆ ಹೋಗುವ ಚಾಳಿ ನಮ್ಮದು.

"ಎಂತಾದ್ರೂ ಹುಳಿ ಮಾಡಿ ಹಾಕಾ ಮಾರಾಯ," ಎಂದರು ಒಂದು ದಿನ. ಅದು ತಮಾಷೆಯಾಗಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಚೌತಿ ಬಂತು. ಮಣ್ಣು, ಹೂವು ಆ ಮನೆಯೊಳಗೆ ಬರಬಾರದು ಎಂದು ಸಿಸ್ಟರ್ ಹೇಳಿದ್ದರಿಂದ ಅಲ್ಲಿ ಗಣಪತಿ ಇಡಲಿಲ್ಲ. ನಾನು ಹಬ್ಬಕ್ಕೆ ತ್ಯಾಗಲಿಗೆ ಹೋದೆ. ನಮ್ಮ ಕಡೆ ಗಣಪತಿಯ ತಲೆಯ ಮೇಲೆ ಫಲವಳಿಗೆ ಕಟ್ಟುತ್ತಾರೆ. ಮರದ ಚೌಕಟ್ಟಿಗೆ ಆ ಕಾಲದಲ್ಲಿ ಸಿಗುವ ಕಾಯಿ, ಹಣ್ಣು ಎಲ್ಲವನ್ನೂ ತೂಗಿಬಿಡುವುದು. ದೊಡ್ಡದು ಯಾವಾಗಲೂ ಚಕ್ಕೋತ. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಆ ಹಣ್ಣುಗಳನ್ನು ಪ್ರಸಾದ ಎಂದು ಹಂಚುತ್ತಾರೆ. ನಾನು ವಾಪಸ್ ಬರುವಾಗ ಚೀಲದಲ್ಲಿ ಅಂಥ ಚಕ್ಕೋತಗಳು ಇದ್ದವು.

ಹಸಿ ಕೊಡಬಾರದು ತಾನೇ? ಕುದಿಸಿದೆ. ಒಳಗಿನ ಬಿಳಿ ಜೊಂಡು ಪೂರ್ತಿ ತೆಗೆದು, ತೊಳೆಗಳನ್ನು ಹಿಂಡಿ, ರಸಕ್ಕೆ ಬೆಲ್ಲ, ಜಜ್ಜಿದ ಹಸಿಮೆಣಸು ಹಾಕಿ ಎರಡು ಕುದಿ ಬರಿಸಿದೆ. ಮೇಲಿಂದ ಸಾಸಿವೆ ಇಂಗಿನ ಒಗ್ಗರಣೆ. ಹುಳಿಯ ಎದುರು ಉಪ್ಪು ಕಡಿಮೆಯಾದದ್ದು ಗೊತ್ತೇ ಆಗಲಿಲ್ಲ. ದೇವರ ತಲೆಯ ಮೇಲೆ ಇದ್ದ ಹಣ್ಣು, ಸಾಲದ್ದಕ್ಕೆ ಕುದಿಸಿದ್ದು. ಇದರಲ್ಲಿ ಯಾರನ್ನೂ ಕೇಳುವಂಥದ್ದು ಏನಿದೆ ಎಂದುಕೊಂಡೆ. ಕೇಳಲಿಲ್ಲ.

ಯಜಮಾನರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಭಾವ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇದ್ನ? ಎಂತ ಹಾಕಿದ್ದೆ?"

"ಕೈಗುಣ," ಎಂದೆ. ಔಷಧದಿಂದ ಕೆಟ್ಟ ಅವರ ನಾಲಿಗೆಗೆ ಹಣ್ಣು ಯಾವುದೆಂದು ಗೊತ್ತಾಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ದಿನವೂ ಅದೇ ಸಾರು. ಅವರು ಎರಡನೇ ಸಲ ಅನ್ನ ಹಾಕಿಸಿಕೊಂಡರು. ತೂಕ ಏರಿತು. ಸಿಸ್ಟರ್ ಕುಣಿಯುವುದೊಂದು ಬಾಕಿ.

"ಏನೋ ಹುಳಿ ಘಮಾ ಬರಾಕತ್ತೈತಲ್ರಿ ಭಟ್ರ. ಏನ ಹಾಕೀರಿ?"

"ಹುಣಸೆಹಣ್ಣು ಸಿಸ್ಟರ್," ಎಂದೆ. ಸಿಪ್ಪೆಯನ್ನು ಹಿತ್ತಲ ತೆಂಗಿನ ಬುಡದಲ್ಲಿ ಹೂಳುತ್ತಿದ್ದೆ. ಹೂಳುವಾಗಲೂ ಇದು ತಪ್ಪು ಎಂದು ಅನ್ನಿಸಿರಲಿಲ್ಲ. ಅವಳಿಗೆ ಗೊತ್ತಾಗದೆ ಗೆದ್ದೆ ಎಂದು ಅನ್ನಿಸುತ್ತಿತ್ತು.

ಆ ದಿನಗಳಲ್ಲೇ ಒಂದು ಸಂಜೆ, ಮಾತ್ರೆಗೆಂದು ಬಿಸಿನೀರು ಒಯ್ಯುವಾಗ ಹೊಸಿಲಿಗೆ ಕಾಲು ಎಡವಿ ಲೋಟ ಕೈಜಾರಿತು. ಸಿಸ್ಟರ್ ಬಟ್ಟೆ ತಂದು ನೆಲ ಒರೆಸುತ್ತ ನಕ್ಕಳು: "ನೆಲಕ್ಕ ಜ್ವರ ಬಂದೈತೇನ್ರಿ ಭಟ್ರ? ಅದಕ್ಕೂ ಗುಳಿಗಿ ನುಂಗಸ್ತೀರೇನು?" ಆಮೇಲೆ ಕೋಣೆಯೊಳಗಿನಿಂದ ಕೂಗಿದಳು: "ಇನ್ನೊಂದು ಲೋಟ ಬಿಸಿನೀರು ತರ್ರಿ, ಗುಳಿಗಿ ಕೊಡಬೇಕು!" ಅಕ್ಕೋರು ಹೊರಗಿನ ಕೋಣೆಯಲ್ಲಿ ಶಾಲೆಯ ಮಕ್ಕಳ ನೋಟುಪುಸ್ತಕ ತಿದ್ದುತ್ತ ಕೂತಿದ್ದರು. ಈ ಸಣ್ಣ ಸಂಗತಿಯನ್ನು ಯಾಕೆ ಬರೆದೆ ಎಂದು ಮುಂದೆ ತಿಳಿಯುತ್ತದೆ.

ಯಜಮಾನರ ಕೈ ನಡುಗತೊಡಗಿತು. ಪ್ರೆಸ್ಸಿನಿಂದ ಕರಡಚ್ಚು ತರಿಸಿ ಮಲಗಿದಲ್ಲೇ ತಿದ್ದುತ್ತಿದ್ದರು; ಅವರ ಕೆಂಪು ಗೆರೆ ಹಾವು ಹರಿದಂತೆ ಆಯಿತು. ಆಮೇಲೆ ತಲೆನೋವು, ಅಂಗಾಲು ಉರಿ. ಒತ್ತಡ ಏರಿತು. ಮೂತ್ರ ಕಡಿಮೆಯಾಗಿ ಕಾಲು ಬಾತುಕೊಂಡಿತು. ಸಿಸ್ಟರ್ ಹೆದರಿ ರಕ್ತ ಕಳಿಸಿದಳು.

ಫೋನು ಬಂದದ್ದು ಭಾನುವಾರ. ಅಕ್ಕೋರು ಮಾತಾಡಿ, ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದರು. ರಕ್ತದಲ್ಲಿ ಔಷಧ ಇರಬೇಕಾದ್ದಕ್ಕಿಂತ ಸುಮಾರು ಇಮ್ಮಡಿ ಇದೆಯಂತೆ. ಕಿಡ್ನಿ ಹಾಳಾಗುತ್ತಿದೆಯಂತೆ.

"ಬೇರೆ ಔಷಧ, ಕಷಾಯ ಎಂತಾರೂ ಕೊಟ್ಟಿದ್ದಿದ್ದಾ ಹೇಳಿ ಕೇಳ್ತಾ ಇದ್ದ ಡಾಕ್ಟರು. ಚಕ್ಕೋತ ಹಣ್ಣು ತಿಂದ್ರೂ ಹಿಂಗೆ ಆಗ್ತಡ. ಭಟ್ರೆ, ಚಕ್ಕೋತ ಎಂತಾರೂ ಹಾಕಿದ್ರಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು.

"ಇಲ್ಲೆ ಅಕ್ಕೋರೆ," ಎಂದೆ. "ಆನೆಂತಕ್ಕೆ ಹಾಕ್ತೆ?"

ಅಕ್ಕೋರು ಸಿಸ್ಟರನ್ನು ನೋಡಿದರು. "ಹಂಗಾದರೆ ಮಾತ್ರೆಯೇ ಹೆಚ್ಚಾಗಿರಬೇಕು."

"ಇಲ್ರಿ ಅಕ್ಕಾರ. ನಾ ಬರೋಬ್ಬರಿ ಕೊಟ್ಟೀನ್ರಿ. ದೇವರಾಣಿ."

"ಒಂದು ಸಂಜೆ ಎರಡು ಸಲ ಕೊಟ್ಟು ಮರೆತಿರಬಹುದಲ್ಲ? ಮನುಷ್ಯರು, ಮರೆವು ಬರುತ್ತೆ."

"ನಾ ಮರಿಯೂದಿಲ್ರಿ."

ಅಕ್ಕೋರು ನನ್ನನ್ನು ಕೇಳಿದರು: "ಭಟ್ರೆ, ನೀವು ಎಂತಾದ್ರೂ ನೋಡಿದ್ದಿದ್ರಾ?"

ಅಲ್ಲಿಯವರೆಗಿನ ನನ್ನ ತಪ್ಪನ್ನು ಗರ್ವ ಎನ್ನಬಹುದು, ದಡ್ಡತನ ಎನ್ನಬಹುದು. ಅದನ್ನು ದೇವರು ಕ್ಷಮಿಸಿಯಾನು. ಇನ್ನು ಹೇಳುವುದಕ್ಕೆ ಅಂಥ ಹೆಸರು ಇಲ್ಲ. ನಾನು ನೆಲ ನೋಡುತ್ತ ಹೀಗೆಂದೆ:

"ಯಂಗೆ ಸರಿ ಗೊತ್ತಿಲ್ಲೆ. ಒಂದಿನ ಸಂಜೆ ಸಿಸ್ಟರ್ ಮಾತ್ರೆಗೆ ಹೇಳಿ ಎರಡು ಸರ್ತಿ ಬಿಸಿನೀರು ಕೇಳಿತ್ತು. ಅಷ್ಟೇಯ."

"ಹೌದು!" ಎಂದರು ಅಕ್ಕೋರು. "ಅದು ಕೂಗಿದ್ದು ಆನೂ ಕೇಳಿದ್ದಿ."

ನಾನು ಆಡಿದ್ದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಅವಳು ಎರಡು ಸಲ ಕೇಳಿದ್ದಳು. ಮೊದಲ ಲೋಟ ಚೆಲ್ಲಿದವ ನಾನು.

ಸಿಸ್ಟರ್ ನನ್ನ ಕಡೆ ತಿರುಗಿದಳು. "ಭಟ್ರ, ಅವತ್ತು ಲೋಟ ಬಿದ್ದಿತ್ತಲ್ರಿ? ನೆಲಾ ಒರಸಿದ್ನಲ್ರಿ ನಾನು? ಹೇಳ್ರಿ ಅಕ್ಕಾರಿಗೆ."

"ನೆನಪಿಲ್ಲ ಸಿಸ್ಟರ್," ಎಂದೆ.

ಅಕ್ಕೋರು ಅವಳಿಗೆ ಕೆಲಸ ಬಿಟ್ಟು ಹೋಗು ಎಂದರು. ಸಂಜೆಯೊಳಗೆ ಹೊರಟಳು. ಹೋಗುವಾಗ ಅಕ್ಕೋರಿಗೆ ಯಾವ ಮಾತ್ರೆ ಯಾವಾಗ, ಒತ್ತಡ ನೋಡುವುದು ಹೇಗೆ ಎಂದು ಕೂತು ತೋರಿಸಿಕೊಟ್ಟಳು. ಅಕ್ಕೋರು ಅವಳ ಮುಖ ನೋಡದೆ ಕಲಿತರು. ಯಜಮಾನರಿಗೆ ನಮಸ್ಕಾರ ಮಾಡಿದಾಗ ಅವರು ನಡುಗುವ ಕೈ ಎತ್ತಿ "ಬೇಜಾರು ಮಾಡ್ಕಳಡ ತಂಗಿ" ಎಂದರು. ಅವರೊಬ್ಬರೇ ಹಾಗೆ ಹೇಳಿದ್ದು.

ಮರುದಿನದಿಂದ ನಾನು ಚಕ್ಕೋತ ನಿಲ್ಲಿಸಿದೆ. ಉಳಿದವನ್ನು ರಸ್ತೆಯಾಚೆಯ ಹೊಂಡಕ್ಕೆ ಎಸೆದೆ. ಆ ಕಡೆ ಡಾಕ್ಟರು ಮಾತ್ರೆಯನ್ನೂ ಇಳಿಸಿದ್ದರು. ನಡುಕ ನಿಂತಿತು, ಕಾಲಿನ ಬಾವು ಇಳಿಯಿತು. "ನೋಡಿ, ಸಿಸ್ಟರ್ ಹೋದ ಮೇಲೆ ಗುಣ ಆತು" ಎಂದರು ಅಕ್ಕೋರು. ಆ ಮಾತು ಬಂದವರೊಂದಿಗೆಲ್ಲ ಹೋಯಿತು. ಶಿರಸಿ ಏನು ಮಹಾ ದೊಡ್ಡ ಊರೇ? ಮಾತ್ರೆ ಎರಡು ಸಲ ಕೊಟ್ಟ ನರ್ಸು ಎಂದು ಅವಳ ಸುದ್ದಿ ಅವಳಿಗಿಂತ ಮೊದಲೇ ನರ್ಸಿಂಗ್ ಹೋಮುಗಳ ಬಾಗಿಲು ಮುಟ್ಟಿತು.

ದೀಪಾವಳಿ ಕಳೆದ ಮೇಲೆ ಯಜಮಾನರು ಮತ್ತೆ ಕುಗ್ಗಿದರು. ಈ ಸಲ ಬೇರೆ ಥರ. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಚಪ್ಪಟೆ ಮಲಗಲು ಆಗದೆ ದಿಂಬು ಒಟ್ಟಿಕೊಂಡು ಕೂರುತ್ತಿದ್ದರು. ನಾಡಿ ಓಡಿ ಓಡಿ ಒಮ್ಮೊಮ್ಮೆ ತಪ್ಪುತ್ತಿತ್ತು. ಸಿಸ್ಟರ್ ಇದ್ದಿದ್ದರೆ ಮೊದಲ ದಿನವೇ ಗುರುತಿಸುತ್ತಿದ್ದಳು. ಅಕ್ಕೋರು ಸುಸ್ತು ಎಂದುಕೊಂಡರು, ನಾನು ಗಂಜಿ ಕಾಸಿದೆ. ರಕ್ತ ಕಳಿಸಿದ್ದಕ್ಕೆ ಉತ್ತರ ಬಂತು: ಔಷಧ ತೀರಾ ಕಡಿಮೆಯಾಗಿದೆ. ಮೈ ಹೃದಯವನ್ನು ಹೊರಗೆ ತಳ್ಳುತ್ತಿದೆ. ಈಗಲೇ ಕರೆತನ್ನಿ.

ಅಕ್ಕೋರು ಫೋನಿನಲ್ಲಿ ಅಳುತ್ತ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಸಿಸ್ಟರ್ ಹೋಗಿದ್ದು ಬಿಟ್ಟರೆ ಮನೆಯಲ್ಲಿ ಏನೂ ಬದಲಾಗಿಲ್ಲ ಡಾಕ್ಟರೇ. ಆಗ ಯಾಕೆ ಅಷ್ಟು ಹೆಚ್ಚಿತ್ತು, ಈಗ ಯಾಕೆ ಇಷ್ಟು ಕಡಿಮೆಯಾಯ್ತು ಅಂದರೆ ನಾನು ಏನು ಹೇಳಲಿ?"

ಬದಲಾದದ್ದು ಏನೆಂದು ಆ ಮನೆಯಲ್ಲಿ ಒಬ್ಬನಿಗೆ ಗೊತ್ತಿತ್ತು.

ವ್ಯಾನು ಬಂತು. ಯಜಮಾನರನ್ನು ಕೂತ ಭಂಗಿಯಲ್ಲೇ ಎತ್ತಿ ಒಳಗಿಟ್ಟೆವು. ಅವರು ನನ್ನ ಕೈ ಹಿಡಿದು, ಉಸಿರಿನ ನಡುವೆ ಹೇಳಿದರು: "ವಾಪಸ್ ಬಂದ್ರೆ... ಆ ಹುಳಿ ಸಾರು ಮಾಡವು ಭಾವ."

ವ್ಯಾನು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತೆ. ಹೇಳಿದರೆ ಈ ಮನೆ ಹೋಗುತ್ತದೆ, ಆಮೇಲೆ ಯಾವ ಪಂಕ್ತಿಗೂ ಯಾರೂ ಕರೆಯುವುದಿಲ್ಲ. ಹೇಳದಿದ್ದರೆ ಡಾಕ್ಟರು ಕತ್ತಲಲ್ಲಿ ಔಷಧ ಅಳೆಯುತ್ತಾರೆ. ಇದನ್ನು ತೂಗಿ ನೋಡಬೇಕಾಗಿ ಬಂತಲ್ಲ, ಅದೇ ನಾಚಿಕೆ. ಫೋನಿನ ಮೇಲೆ ಗೋಡೆಗೆ ದೊಡ್ಡ ಅಕ್ಷರದಲ್ಲಿ ಆಸ್ಪತ್ರೆಯ ನಂಬರು ಅಂಟಿಸಿತ್ತು. ಫೋನು ಹಚ್ಚಿದೆ. ಬಹಳ ಹೊತ್ತಿನ ಮೇಲೆ ಕನ್ನಡ ಬಲ್ಲ ಒಬ್ಬ ಕಿರಿಯ ಡಾಕ್ಟರು ಸಿಕ್ಕಿದರು.

"ನಾನು ಅವರ ಮನೆ ಅಡುಗೆಯವ. ಚೌತಿಯಿಂದ ಅವರಿಗೆ ದಿನಾ ಚಕ್ಕೋತದ ಸಾರು ಹಾಕಿದ್ದೆ. ನೀವು ಕೇಳಿದ ಮರುದಿನ ನಿಲ್ಲಿಸಿದೆ."

"ಕುದಿಸಿ ಹಾಕಿದ್ದಾ?"

"ಹೌದು."

"ಕುದಿಸಿದರೆ ಹೋಗುವಂಥದ್ದಲ್ಲ ಅದು." ಆ ಕಡೆ ಅವರು ಕಾಗದ ತಿರುವಿದ ಸದ್ದು ಕೇಳಿಸಿತು. "ಹಣ್ಣು ಔಷಧವನ್ನು ರಕ್ತದಲ್ಲಿ ಏರಿಸಿತ್ತು. ನೀವು ಹಣ್ಣು ನಿಲ್ಲಿಸಿದಿರಿ, ನಾವು ಗೊತ್ತಿಲ್ಲದೆ ಔಷಧ ಇಳಿಸಿದೆವು. ಎರಡೂ ಸೇರಿ ಪಾತಾಳಕ್ಕೆ ಹೋಯಿತು. ಅವತ್ತೇ ಒಂದು ಮಾತು ಹೇಳಿದ್ದರೆ ನಾವು ಇಳಿಸುತ್ತಲೇ ಇರಲಿಲ್ಲ."

ಹಣ್ಣು ಕೊಟ್ಟ ದಿನಗಳನ್ನು ನನ್ನಿಂದ ಕೇಳಿ ಬರೆದುಕೊಂಡರು.

"ಈಗಲಾದರೂ ಹೇಳಿದಿರಿ. ಅವರ ಮನೆಯವರಿಗೆ ಯಾರು ಹೇಳುತ್ತೀರಿ, ನಾನೋ, ನೀವೋ?"

"ನಾನೇ ಹೇಳುತ್ತೇನೆ," ಎಂದೆ. ಅವರು ನಂಬಿದರು.

ಕತ್ತಿನ ನರದೊಳಗೆ ತಂತಿ ಬಿಟ್ಟು ಹೃದಯದ ಚೂರು ತೆಗೆದು ನೋಡಿದರಂತೆ. ಜೋರು ಇಂಜೆಕ್ಷನ್ ಕೊಟ್ಟರು. ಮಾತ್ರೆಯನ್ನು ಹಳೆಯ ಅಳತೆಗೆ ತಂದರು. ಯಜಮಾನರು ಉಳಿದರು, ಬಹಳ ದಿನದ ಮೇಲೆ ಮನೆಗೆ ಬಂದರು. ಅಕ್ಕೋರು ಬಾಗಿಲಲ್ಲೇ ಹೇಳಿದರು: "ಭಟ್ರೆ, ಇನ್ನು ಚಕ್ಕೋತ ಮನೆಯೊಳಗೆ ತರಲಾಗ ಹೇಳಿದ್ದ ಡಾಕ್ಟರು. ನೀವು ಹಾಕ್ತಿಲ್ಲೆ ಬಿಡಿ, ಆದ್ರೂ ಹೇಳ್ದೆ." ನಾನು ಹೂಂ ಎಂದೆ. ಹೇಳುವ ಜಾಗ ಅದೇ ಆಗಿತ್ತು. ದಾಟಿಹೋಯಿತು.

ಆಮೇಲೆ ಕೆಲವು ವರ್ಷ ಅವರು ಬದುಕಿದರು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ. ಕೊನೆಗೆ ಅವರನ್ನು ಒಯ್ದದ್ದು ಅದೇ. ಆ ಹುಳಿ ಸಾರು ಅವರು ಮತ್ತೆ ಮತ್ತೆ ಕೇಳಿದರು. ಹುಣಸೆಹಣ್ಣಿನಲ್ಲಿ ಮಾಡಿ ಹಾಕಿದೆ. "ಇದು ಅದಲ್ಲ" ಎನ್ನುತ್ತಿದ್ದರು. ಬೊಜ್ಜದ ದಿನ, ಅವರ ಉತ್ತರಕ್ರಿಯೆಯ ಊಟಕ್ಕೆ ಬಂದ ಬಂಧುಗಳೆಲ್ಲ, ಭಟ್ಟರ ಕೈಗುಣದಿಂದ ಅಷ್ಟಾದರೂ ಬದುಕಿದ ಎಂದರು. ಅವತ್ತಿನ ಅಡುಗೆಯೂ ನನ್ನದೇ.

ಅದಕ್ಕೂ ಮೊದಲಿನ ಒಂದು ಸಂಗತಿ ಇದೆ. ಯಜಮಾನರು ಇನ್ನೂ ಇದ್ದಾಗ, ಒಂದು ಮದುವೆಯ ಅಡುಗೆಗೆ ಯಲ್ಲಾಪುರಕ್ಕೆ ಹೋಗಿದ್ದೆ. ವಾಪಸ್ ಬರಲು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ ಕೂಗಿದರು.

"ಭಟ್ರ! ಆರಾಮ ಅದೀರೇನ್ರಿ?"

ಸಿಸ್ಟರ್. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅಲ್ಲೇ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ. ನನ್ನ ಮೇಲೆ ಸಿಟ್ಟಿರಲಿಲ್ಲ. ಅದನ್ನು ನಿರೀಕ್ಷಿಸಿ ಕುತ್ತಿಗೆ ಕುಗ್ಗಿಸಿದ್ದೆ.

"ಸಾಹೇಬ್ರು ಹ್ಯಾಂಗ ಅದಾರ್ರಿ?"

"ಅಡ್ಡಿಲ್ಲ. ಓಡಾಡುತ್ತಾರೆ."

"ದೇವರು ದೊಡ್ಡಾಂವ," ಎಂದು ಎದೆ ಮುಟ್ಟಿಕೊಂಡಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ: "ಭಟ್ರ, ನಾ ಎರಡು ಸಲ ಕೊಟ್ಟಿಲ್ಲ ಅಂತ ಅವತ್ತು ಆಣಿ ಮಾಡಿದ್ನಿ. ಆದ್ರ ಈಗೀಗ ನನಗ ಗೊತ್ತಾಗವಲ್ದು. ಲೋಟ ಬಿದ್ದಿದ್ದು ನಿಮಗ ನೆನಪಿಲ್ಲ ಅಂದ್ರಿ. ನೀವು ಸುಳ್ಳು ಯಾಕ ಹೇಳ್ತೀರಿ? ಲೋಟ ಬಿದ್ದಿದ್ದು ನಾನ ಕಲ್ಪನಾ ಮಾಡ್ಕೊಂಡ್ನೇನೋ. ಕೊಟ್ಟಿದ್ನೇನೋ ಎರಡು ಸಲ." ನಕ್ಕಳು. "ಕರೆದ್ರೂ ಇನ್ನ ಆಸ್ಪತ್ರಿಗೆ ಹೋಗೂದಿಲ್ರಿ. ಈ ಕೈ ಮ್ಯಾಲ ನನಗ ನಂಬಿಕಿ ಇಲ್ಲ. ಅಂಗಡ್ಯಾಗ ಸೀರಿ ಮಡಚಿದ್ರೂ ಎರಡೆರಡು ಸಲ ಎಣಿಸ್ತೀನಿ."

ಶಿರಸಿ ಬಸ್ಸು ಬಂತು. ಅವಳೇ ನನ್ನ ಚೀಲ ಎತ್ತಿ ಒಳಗೆ ಕೊಟ್ಟಳು. ಕಿಟಕಿಯ ಹತ್ತಿರ ಬಂದು, "ಅಕ್ಕಾರಿಗೆ ನನ್ನ ಕಡಿಂದ ತಪ್ಪಾತು ಅಂತ ಹೇಳ್ರಿ" ಎಂದಳು. ನಾನು ತಲೆಯಾಡಿಸಿದೆ. ಬಸ್ಸು ಮಂಚಿಕೇರಿ ದಾಟುವ ತನಕ ಇಳಿಯುತ್ತೇನೆ, ವಾಪಸ್ ಹೋಗುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಶಿರಸಿಯಲ್ಲಿ ಇಳಿದೆ.

ಕೆಲವು ವರ್ಷಗಳ ನಂತರ ಆ ಅಂಗಡಿಗೆ ಹೋದೆ. ಮದುವೆಯಾಗಿ ಎಲ್ಲಿಗೋ ಹೋದಳು ಎಂದರು. ಎಲ್ಲಿಗೆ ಎಂದು ಅವರಿಗೆ ತಿಳಿಯದು.

ಇದನ್ನು ಓದಿದವರಲ್ಲಿ ಯಾರಿಗಾದರೂ ಅವಳ ಪರಿಚಯ ಇದ್ದರೆ ಇಷ್ಟು ಹೇಳಿ. ಲೋಟ ಬಿದ್ದದ್ದು ನಿಜ. ಬೀಳಿಸಿದವ ನಾನು. ನೀನು ನೆಲ ಒರೆಸಿದ್ದು ನಿಜ, ನಕ್ಕದ್ದೂ ನಿಜ. ಮಾತ್ರೆ ಕೊಟ್ಟದ್ದು ಒಂದೇ ಸಲ. ನಿನ್ನ ಕೈ ತಪ್ಪಿರಲಿಲ್ಲ.

ಆ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಎದುರಿಗೆ ಸಿಸ್ಟರ್ ಎಂದೆವು, ಹಿಂದಿನಿಂದ ಅದು ಎಂದೆವು. ಹೊರಟ ಸಂಜೆ ಅವಳು ಹೆಗಲಿಗೆ ಹಾಕಿಕೊಂಡ ಬಟ್ಟೆಯ ಚೀಲದ ಮೇಲೆ ಹಸಿರು ದಾರದಲ್ಲಿ ಅವಳೇ ಹೊಲಿದುಕೊಂಡ ಅಕ್ಷರಗಳಿದ್ದವು. ಗೇಟಿನ ತನಕ ನಾನು ಅದನ್ನೇ ನೋಡುತ್ತ ನಿಂತಿದ್ದೆ. ಶಿವಲೀಲಾ.